ಅಡಿಕೆ ಅಂಗಡಿಯ ಸಾಫ್ಟ್‌ವೇರ್‌ಗೆ ಹೈಬರ್ನೇಟ್ ಬೇಕಾ, ಮೈಬ್ಯಾಟಿಸ್ ಸಾಕಾ?

ಮುಳ್ಳೇರಿಯದವ

ಎಲ್ಲರಿಗೂ ನಮಸ್ಕಾರ. ನಮ್ಮ ಮೂವರ ಮಧ್ಯೆ ಒಂದು ವಾದ ಶುರುವಾಗಿದೆ, ಮುಗಿಯುವ ಲಕ್ಷಣ ಕಾಣುತ್ತಿಲ್ಲ. ಹೊರಗಿನವರು ಯಾರಾದರೂ ಹೇಳಿದರೆ ಒಳ್ಳೆಯದು.

ಕಾಸರಗೋಡು ಕಡೆಯ ಒಬ್ಬ ಅಡಿಕೆ ವ್ಯಾಪಾರಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೇವೆ. ಮುಳ್ಳೇರಿಯ, ಬದಿಯಡ್ಕ, ಪೆರ್ಲ ಮೂರು ಕಡೆ ಅವರ ಖರೀದಿ ಅಂಗಡಿ ಇದೆ. ಕೃಷಿಕರು ಅಡಿಕೆ ತರುತ್ತಾರೆ, ತೂಕ ಆಗುತ್ತದೆ, ಮಾಲು ನೋಡಿ ರೇಟು ಹಾಕುತ್ತಾರೆ, ಚೀಟಿ ಕೊಡುತ್ತಾರೆ. ಹೊಸ ಚಾಲಿ, ಹಳೆ ಚಾಲಿ, ಪಟೋರ, ಕೋಕ, ಕರಿಗೋಟು ಅಂತ ಅಡಿಕೆಯ ಬಗೆ ಬಗೆಗೆ ಒಂದೇ ಚೀಟಿಯಲ್ಲಿ ನಾಲ್ಕೈದು ಸಾಲು ಬರಬಹುದು. ಜೊತೆಗೆ ಕಾಳುಮೆಣಸು, ಕೊಕ್ಕೊ. ಕೆಲವರು ಮೊದಲೇ ಮುಂಗಡ ತೆಗೆದುಕೊಂಡಿರುತ್ತಾರೆ. ಅದನ್ನು ಮುರಿದುಕೊಂಡು ಉಳಿದದ್ದನ್ನು ಕೊಡಬೇಕು. ಈಗ ಎಲ್ಲವೂ ಪುಸ್ತಕ ಮತ್ತು ಎಕ್ಸೆಲ್‌ನಲ್ಲಿದೆ.

ಭಾಷೆ ಜಾವಾ 17, ಅದರ ಫ್ರೇಮ್‌ವರ್ಕ್ ಸ್ಪ್ರಿಂಗ್ ಬೂಟ್ 3, ಡೇಟಾಬೇಸ್ ಪೋಸ್ಟ್‌ಗ್ರೆಸ್. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ಕೋಡಿನಿಂದ ಡೇಟಾಬೇಸ್‌ಗೆ ಹೋಗುವ ದಾರಿ ಯಾವುದು ಅನ್ನುವಲ್ಲಿ ಮಾತ್ರ ಸಿಕ್ಕಿಬಿದ್ದಿದ್ದೇವೆ. ಒಬ್ಬನಿಗೆ ಹೈಬರ್ನೇಟ್ (ಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್‌ಗೆ ಕಳಿಸುವ ಆದೇಶ, ತಾನೇ ಬರೆದುಕೊಳ್ಳುವ ಲೈಬ್ರರಿ) ಬಿಟ್ಟು ಬೇರೇನೂ ಬೇಡ. ಇನ್ನೊಬ್ಬ ಹಿಂದಿನ ಕೆಲಸದಲ್ಲಿ ಮೈಬ್ಯಾಟಿಸ್ (ಎಸ್‌ಕ್ಯೂಎಲ್ ನಾವೇ ಬರೆಯುವ ಲೈಬ್ರರಿ) ಬಳಸಿದವ, ಅದನ್ನು ಬಿಡುವುದಿಲ್ಲ. ನಾನು ಎರಡನ್ನೂ ಅಷ್ಟಿಷ್ಟು ಬಲ್ಲೆ. ಯಾವುದು ಚೆಂದ ಅಂತ ಕೇಳುತ್ತಿಲ್ಲ. ಈ ಕೆಲಸಕ್ಕೆ ಯಾವುದು ಆಗಬಹುದು, ಅಷ್ಟು ಹೇಳಿ.

ಸೊಲ್ಲಾಪುರ ಲೋಕಲ್

ಇದರಲ್ಲಿ ವಾದ ಮಾಡಲಿಕ್ಕೆ ಏನಿದೆ ರೀ? ಸ್ಪ್ರಿಂಗ್ ಡೇಟಾ ಜೆಪಿಎ (ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸ್‌ನಲ್ಲಿ ಇಡುವ ಪ್ರಮಾಣಿತ ವಿಧಾನ) ಹಾಕಿ, ಒಳಗೆ ಹೈಬರ್ನೇಟ್ ಇರುತ್ತದೆ, ಮುಂದಿನ ಕೆಲಸ ನೋಡಿ.

ಕೃಷಿಕ ಅನ್ನುವ ಕ್ಲಾಸ್ ಬರೆದು ಮೇಲೆ ಎಂಟಿಟಿ (ಒಂದು ಟೇಬಲ್‌ಗೆ ಹೊಂದುವ ಕ್ಲಾಸ್) ಅಂತ ಗುರುತು ಹಾಕಿದರೆ ಇನ್ಸರ್ಟ್ (ಹೊಸ ಸಾಲು ಸೇರಿಸುವುದು), ಅಪ್‌ಡೇಟ್ (ಇದ್ದದ್ದನ್ನು ತಿದ್ದುವುದು) ಯಾವುದನ್ನೂ ಕೈಯಲ್ಲಿ ಬರೆಯಬೇಕಾಗಿಲ್ಲ. ಟ್ರಾನ್ಸಾಕ್ಷನ್ (ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ ಅನ್ನುವ ಕೆಲಸದ ಗುಂಪು) ಒಳಗೆ ಆಬ್ಜೆಕ್ಟ್ ತಂದು ಫೋನ್ ನಂಬರ್ ಬದಲಿಸಿದರೆ ಸಾಕು. ಏನು ಬದಲಾಗಿದೆ ಅಂತ ಅದೇ ನೋಡಿಕೊಂಡು ಕೊನೆಗೆ ಅಪ್‌ಡೇಟ್ ಕಳಿಸುತ್ತದೆ. ಬದಿಯಡ್ಕದಲ್ಲೂ ಪೆರ್ಲದಲ್ಲೂ ಇಬ್ಬರು ಒಂದೇ ಹೊತ್ತಿಗೆ ಒಬ್ಬನೇ ಕೃಷಿಕನ ವಿವರ ತಿದ್ದಿದರೆ? ವರ್ಷನ್ ಕಾಲಂ ಒಂದು ಇಟ್ಟರೆ ಎರಡನೆಯವನಿಗೆ ಎರರ್ ಬರುತ್ತದೆ. ಇಲ್ಲದಿದ್ದರೆ ಮೊದಲನೆಯವನು ತಿದ್ದಿದ್ದು ಗೊತ್ತಾಗದ ಹಾಗೆ ಹೋಗಿಬಿಡುತ್ತದೆ.

2001ರಲ್ಲಿ ಗ್ಯಾವಿನ್ ಕಿಂಗ್ ಹೈಬರ್ನೇಟ್ ಶುರು ಮಾಡಿದಾಗ ಎದುರಿಗೆ ಇದ್ದದ್ದು ಇದೇ ಕೆಲಸದ ಹಳೇ ಜಾವಾ ವಿಧಾನ, ಇಜೆಬಿಯ ಎಂಟಿಟಿ ಬೀನ್. ಅದರಲ್ಲಿ ಕೆಲಸ ಮಾಡಿದವರನ್ನು ಕೇಳಿ ನೋಡ್ರಿ, ಕಥೆ ಹೇಳುತ್ತಾರೆ. 2006ರಲ್ಲಿ ಜೆಪಿಎ ಅಂತ ಒಂದು ನಿಯಮವೇ ಬಂತು, ಅದರ ಹಿಂದೆ ಹೈಬರ್ನೇಟ್‌ನ ಅನುಭವ ಬಹಳಷ್ಟು ಇದೆ. ನಾಳೆ ನಿಮ್ಮಲ್ಲಿ ಒಬ್ಬ ಬೆಂಗಳೂರಿಗೆ ಹೋದರೆ ಅವನ ಜಾಗಕ್ಕೆ ಜೆಪಿಎ ಗೊತ್ತಿರುವವನು ಸಿಗುತ್ತಾನೆ. ಇದು ಸಣ್ಣ ವಿಷಯ ಅಲ್ಲ.

ಒಂದು ಎಚ್ಚರಿಕೆ ಮಾತ್ರ. ಸ್ಪ್ರಿಂಗ್ ಬೂಟ್ 3 ಬಂದದ್ದು 2022ರ ನವೆಂಬರ್‌ನಲ್ಲಿ. ಅಲ್ಲಿಂದ ಪ್ಯಾಕೇಜ್ ಹೆಸರು ಜಾವಾಎಕ್ಸ್ ಹೋಗಿ ಜಕಾರ್ತಾ ಆಗಿದೆ. ಅದಕ್ಕಿಂತ ಹಳೇ ಪಾಠ ನೋಡಿ ಕಾಪಿ ಮಾಡಿದರೆ ಇಂಪೋರ್ಟ್ ಸಾಲಿನಲ್ಲೇ ನಿಲ್ಲುತ್ತೀರಿ.

ಪಯಸ್ವಿನಿ ದಡ

ಸೊಲ್ಲಾಪುರದ ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ಬರೆಯುವ ಕಡೆ ಮಾತ್ರ ಹೇಳಿದ್ದಾರೆ. ಓದುವ ಕಡೆ ನಾನು ಹೇಳುತ್ತೇನೆ.

ದಿನದ ಚೀಟಿಗಳ ಪಟ್ಟಿ ತೋರಿಸುವ ಪುಟ ಅಂತ ಇಟ್ಟುಕೊಳ್ಳಿ. 300 ಚೀಟಿ ಇದೆ, ಪ್ರತಿ ಸಾಲಿನಲ್ಲೂ ಕೃಷಿಕನ ಹೆಸರು ಬೇಕು. ಕೋಡ್ ನೋಡಲಿಕ್ಕೆ ಬಹಳ ಸಲೀಸು: ಚೀಟಿಗಳನ್ನು ತಂದು, ಲೂಪ್ ಹಾಕಿ, ಚೀಟಿಯಿಂದ ಕೃಷಿಕ, ಕೃಷಿಕನಿಂದ ಹೆಸರು. ಸಂಬಂಧವನ್ನು ಲೇಜಿ (ಕೇಳಿದಾಗ ಮಾತ್ರ ತರುವುದು) ಅಂತ ಇಟ್ಟಿದ್ದರೆ ಚೀಟಿಗಳಿಗೆ ಒಂದು ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಹೋಗುತ್ತದೆ. ಆಮೇಲೆ ಒಬ್ಬೊಬ್ಬನ ಹೆಸರು ಕೇಳಿದಾಗಲೂ ಒಂದೊಂದು. 300 ಜನ ಬೇರೆ ಬೇರೆಯವರಾದರೆ ಒಟ್ಟು 301. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಡೇಟಾಬೇಸ್ ಪಕ್ಕದಲ್ಲೇ ಇರುವುದರಿಂದ ಏನೂ ಗೊತ್ತಾಗುವುದಿಲ್ಲ. ಸರ್ವರ್ ಒಂದು ಕಡೆ, ಡೇಟಾಬೇಸ್ ಇನ್ನೊಂದು ಕಡೆ ಆದಾಗ ಪುಟ ತೆರೆದುಕೊಳ್ಳಲು ಕಾಯಬೇಕು.

ಲೇಜಿ ಬೇಡ, ಈಗರ್ (ಮೊದಲೇ ತಂದಿಡುವುದು) ಇಡೋಣ ಅಂದರೆ? ಮೆನಿಟುವನ್ (ಹಲವು ಚೀಟಿಗೆ ಒಬ್ಬ ಕೃಷಿಕ) ಸಂಬಂಧಕ್ಕೆ ಜೆಪಿಎಯಲ್ಲಿ ಸುಮ್ನೆ ಬಿಟ್ಟರೆ ಈಗರ್ರೇ ಇರುವುದು. ನಾವೇ ಕ್ವೆರಿ ಬರೆದಾಗ ಆಗಲೂ ಇದೇ 301 ಬರಬಹುದು. ಸರಿಯಾದ ದಾರಿ ಕ್ವೆರಿಯಲ್ಲಿ ಜಾಯಿನ್ ಫೆಚ್ (ಎರಡೂ ಟೇಬಲ್ ಸೇರಿಸಿ ಒಂದೇ ಸಲ ತರುವುದು) ಹಾಕುವುದು, ಇಲ್ಲವೇ ಏನೇನು ಒಟ್ಟಿಗೆ ಬೇಕು ಅಂತ ಹೇಳುವ ಎಂಟಿಟಿ ಗ್ರಾಫ್. ಆದರೆ ಚೀಟಿಯ ಸಾಲುಗಳನ್ನೂ ಜಾಯಿನ್ ಫೆಚ್‌ನಲ್ಲಿ ತಂದು, ಪುಟಕ್ಕೆ 20ರಂತೆ ತೋರಿಸಿ ಅಂದರೆ ಹೈಬರ್ನೇಟ್ ಎಲ್ಲವನ್ನೂ ಮೆಮೊರಿಗೆ ಎಳೆದುಕೊಂಡು ಅಲ್ಲಿ 20 ಎಣಿಸುತ್ತದೆ. ಲಾಗ್‌ನಲ್ಲಿ ಒಂದು ಸಾಲು ಎಚ್ಚರಿಕೆ ಬರುತ್ತದೆ ಅಷ್ಟೆ. ಆ ಸಾಲನ್ನು ಯಾರು ಓದುತ್ತಾರೆ ಹೇಳಿ!

ಪುಟ ತಯಾರಾಗುವವರೆಗೂ ಹೈಬರ್ನೇಟ್‌ನ ಸೆಷನ್ ತೆರೆದಿಡುವ ಓಪನ್ ಇನ್ ವ್ಯೂ ಅನ್ನುವ ಸೆಟ್ಟಿಂಗ್ ಸ್ಪ್ರಿಂಗ್ ಬೂಟ್‌ನಲ್ಲಿ ತಾನಾಗಿಯೇ ಆನ್ ಇರುತ್ತದೆ. ಅದನ್ನು ಮೊದಲ ದಿನವೇ ಆಫ್ ಮಾಡಿ. ಲೇಜಿ ಇನಿಷಿಯಲೈಸೇಷನ್ ಎಕ್ಸೆಪ್ಶನ್ ಅನ್ನುವ ಎರರ್ ಬಂದು ತಲೆ ತಿನ್ನುತ್ತದೆ, ನಿಜ. ಆದರೆ ಎಲ್ಲಿ ತಪ್ಪು ಕ್ವೆರಿ ಹೋಗುತ್ತಿದೆ ಅಂತ ಆಗಲೇ ಗೊತ್ತಾಗುತ್ತದೆ.

ತಾಳವಾಡಿ ಹುಡುಗ

ಅಕ್ಕ, ನಾನು ಕಾಲೇಜಿನಲ್ಲಿ ಪೈಥಾನ್‌ನ ಜ್ಯಾಂಗೋ ಫ್ರೇಮ್‌ವರ್ಕ್ ಕಲಿಯುತ್ತಿದ್ದೇನೆ. ಅದರಲ್ಲೂ ಈ ತೊಂದರೆ ಇದೆಯಾ?

ಪಯಸ್ವಿನಿ ದಡ

ಇದೆ ತಮ್ಮ. ಅಲ್ಲಿ ಸೆಲೆಕ್ಟ್ ರಿಲೇಟೆಡ್, ಪ್ರಿಫೆಚ್ ರಿಲೇಟೆಡ್ ಅಂತ ಎರಡು ಇರುವುದೇ ಇದಕ್ಕೆ. ಮೊದಲನೆಯದು ಜಾಯಿನ್ ಮಾಡುತ್ತದೆ, ಎರಡನೆಯದು ಇನ್ನೊಂದು ಕ್ವೆರಿ ಹಾಕಿ ಪೈಥಾನ್‌ನಲ್ಲಿ ಜೋಡಿಸುತ್ತದೆ. ಡೀಬಗ್ ಟೂಲ್‌ಬಾರ್ ಹಾಕಿಕೊಂಡು ಒಂದು ಪುಟಕ್ಕೆ ಎಷ್ಟು ಕ್ವೆರಿ ಹೋಗುತ್ತದೆ ಅಂತ ಈಗಲೇ ನೋಡುವ ಅಭ್ಯಾಸ ಮಾಡಿಕೋ.

ಮಡಕಶಿರಾ ಮಾವ

ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಕಡೆಯವನು ನಾನು. ಅಲ್ಲೂ ಇದೇ ಜಗಳ: ಹೈಬರ್ನೇಟ್ ಥರದ ಎಂಟಿಟಿ ಫ್ರೇಮ್‌ವರ್ಕಾ, ಎಸ್‌ಕ್ಯೂಎಲ್ ನಾವೇ ಬರೆಯುವ ಡ್ಯಾಪರಾ? ನಮ್ಮ ತಂಡ ಬರೆಯಲಿಕ್ಕೆ ಮೊದಲನೆಯದು, ರಿಪೋರ್ಟ್‌ಗೆ ಎರಡನೆಯದು ಅಂತ ಮಾಡಿಕೊಂಡಿದೆ. ಯಾರೂ ಸತ್ತಿಲ್ಲ.

ಸೊಲ್ಲಾಪುರ ಲೋಕಲ್

ಪಯಸ್ವಿನಿ ಅವರೇ, ನೀವು ಹೇಳಿದ್ದು ಹೈಬರ್ನೇಟ್‌ನ ದೋಷ ಅಲ್ಲ, ಲಾಗ್ ನೋಡದವರ ದೋಷ. ಡೆವಲಪ್‌ಮೆಂಟ್ ಮಾಡುವಾಗ ಎಸ್‌ಕ್ಯೂಎಲ್ ಲಾಗ್ ಆನ್ ಇಟ್ಟುಕೊಂಡರೆ 301 ಕಣ್ಣಿಗೆ ರಾಚುತ್ತದೆ. ಪಟ್ಟಿ ತೋರಿಸುವ ಪುಟಕ್ಕೆ ಪೂರ್ತಿ ಎಂಟಿಟಿ ಯಾಕೆ ತರುತ್ತೀರಿ? ಬೇಕಾದ ನಾಲ್ಕು ಕಾಲಂಗೆ ಪ್ರೊಜೆಕ್ಷನ್ ಬರೆಯಿರಿ.

ಪಯಸ್ವಿನಿ ದಡ

ಪ್ರೊಜೆಕ್ಷನ್ ಬರೆಯುವುದು ಅಂದರೆ ಕ್ವೆರಿ ನಾನೇ ಬರೆಯುವುದು ಅಲ್ವಾ? ಹಾಗಾದರೆ ನೇರ ಎಸ್‌ಕ್ಯೂಎಲ್ಲೇ ಯಾಕಾಗಬಾರದು?

ಮಂಜೇಶ್ವರ ಪ್ಯಾಸೆಂಜರ್

ಮೈಬ್ಯಾಟಿಸ್ ಕಡೆಯಿಂದ ಇನ್ನೂ ಯಾರೂ ಮಾತಾಡಿಲ್ಲ, ನಾನು ಮಾತಾಡುತ್ತೇನೆ.

ಹಿಂದೆ ಇದು ಐಬ್ಯಾಟಿಸ್ ಆಗಿತ್ತು. 2010ರಲ್ಲಿ ಅಪಾಚೆ ಸಂಸ್ಥೆಯಿಂದ ಹೊರಗೆ ಬಂದು ಮೈಬ್ಯಾಟಿಸ್ ಆಯಿತು. ಇಲ್ಲಿ ಮಾಯ ಮಂತ್ರ ಏನೂ ಇಲ್ಲ. ಎಸ್‌ಕ್ಯೂಎಲ್ ನೀವು ಬರೆಯುತ್ತೀರಿ, ಬಂದ ಸಾಲುಗಳನ್ನು ಆಬ್ಜೆಕ್ಟ್‌ಗೆ ತುಂಬುವ ಕೆಲಸ ಅದು ಮಾಡುತ್ತದೆ. ತಾರೀಕು ಕೊಟ್ಟರೆ ತಾರೀಕಿನ ಮೇಲೆ, ಅಂಗಡಿ ಕೊಟ್ಟರೆ ಅಂಗಡಿ ಮೇಲೆ, ಎರಡೂ ಕೊಟ್ಟರೆ ಎರಡರ ಮೇಲೂ ಹುಡುಕಬೇಕು ಅನ್ನುವಂಥ ಪುಟಗಳಿಗೆ ಅದರ ಇಫ್, ವೇರ್, ಫಾರ್‌ಈಚ್ ಟ್ಯಾಗ್‌ಗಳು ತುಂಬಾ ಅನುಕೂಲ. ಕ್ವೆರಿಯನ್ನು ಜಾವಾ ಕೋಡಿನಲ್ಲೇ ಕಟ್ಟುವ ಜೆಪಿಎಯ ಕ್ರೈಟೀರಿಯಾ ಎಪಿಐಯಲ್ಲಿ ಅದೇ ಕೆಲಸ ಮಾಡಿ ಹೋಲಿಸಿ ನೋಡಿ, ಗೊತ್ತಾಗುತ್ತದೆ.

ತೊಂದರೆ ಎರಡು. ಒಂದು, ಬೆಲೆ ಹಾಕುವ ಜಾಗದಲ್ಲಿ ಹ್ಯಾಶ್ ಇಟ್ಟ ಬ್ರಾಕೆಟ್ #{} ಬಳಸಿದರೆ ಅದು ಪ್ಯಾರಾಮೀಟರ್ ಆಗಿ ಹೋಗುತ್ತದೆ. ಡಾಲರ್ ಇಟ್ಟ ಬ್ರಾಕೆಟ್ ${} ಬಳಸಿದರೆ ಅಕ್ಷರಕ್ಕೆ ಅಕ್ಷರ ಎಸ್‌ಕ್ಯೂಎಲ್ ಒಳಗೆ ಸೇರಿಬಿಡುತ್ತದೆ, ಇಂಜೆಕ್ಷನ್‌ಗೆ (ಹೊರಗಿನವರು ತಮ್ಮ ಎಸ್‌ಕ್ಯೂಎಲ್ ತೂರಿಸುವುದಕ್ಕೆ) ಬಾಗಿಲು ತೆಗೆದ ಹಾಗೆ. ಯಾವ ಕಾಲಂ ಮೇಲೆ ವಿಂಗಡಿಸಬೇಕು ಅಂತ ಬಳಕೆದಾರ ಆರಿಸುವ ಜಾಗದಲ್ಲಿ ಜನ ಸಾಮಾನ್ಯವಾಗಿ ಡಾಲರ್ ಹಾಕುತ್ತಾರೆ. ಅಲ್ಲಿ ಒಪ್ಪಿಗೆ ಇರುವ ಕಾಲಂ ಹೆಸರುಗಳ ಪಟ್ಟಿ ಇಟ್ಟು ಹೋಲಿಸಲೇಬೇಕು. ಎರಡು, ಟೇಬಲ್‌ನಲ್ಲಿ ಕಾಲಂ ಹೆಸರು ಬದಲಿಸಿದರೆ ಎಸ್‌ಕ್ಯೂಎಲ್ ಬರೆದಿಡುವ ಎಕ್ಸ್‌ಎಂಎಲ್ ಕಡತದಲ್ಲಿ ಎಲ್ಲೆಲ್ಲಿ ತಪ್ಪಾಗಿದೆ ಅಂತ ಕಂಪೈಲ್ ಮಾಡುವಾಗ ಗೊತ್ತಾಗುವುದಿಲ್ಲ. ಓಡಿಸಿದಾಗಲೇ ಗೊತ್ತಾಗುವುದು.

ಎರಡನೆಯದು ಸಹಿಸಲಿಕ್ಕಾಗದಿದ್ದರೆ ಜೂಕ್ ಅನ್ನುವ ಲೈಬ್ರರಿ ನೋಡಿ. ಟೇಬಲ್‌ಗಳನ್ನು ಓದಿ ಜಾವಾ ಕ್ಲಾಸ್‌ಗಳನ್ನು ತಾನೇ ಮಾಡಿಕೊಡುತ್ತದೆ, ಕಾಲಂ ಹೋದರೆ ಕೋಡ್ ಕಂಪೈಲ್ ಆಗುವುದಿಲ್ಲ. ಪೋಸ್ಟ್‌ಗ್ರೆಸ್‌ಗೆ ದುಡ್ಡು ಕೊಡಬೇಕಾಗಿಲ್ಲ. ಒರಾಕಲ್, ಎಸ್‌ಕ್ಯೂಎಲ್ ಸರ್ವರ್ ಆಗಿದ್ದರೆ ಲೈಸೆನ್ಸ್ ಕೊಳ್ಳಬೇಕಿತ್ತು.

ಕುಂಬಳೆ ಲೆಕ್ಕದವ

ನನಗೆ ಪ್ರೋಗ್ರಾಮಿಂಗ್ ಗೊತ್ತಿಲ್ಲ ಮಾರಾಯರೇ. ಇಂಥದ್ದೇ ಅಂಗಡಿಯಲ್ಲಿ ಲೆಕ್ಕ ಬರೆದವ ನಾನು. ಮೇಲೆ ಅಪ್‌ಡೇಟ್, ತಿದ್ದುವುದು ಅಂತೆಲ್ಲ ಓದಿ ಒಂದು ಮಾತು ಕೇಳಬೇಕು ಅನಿಸಿತು. ಚೀಟಿ ಒಮ್ಮೆ ಹೊರಗೆ ಹೋದ ಮೇಲೆ ಅದನ್ನು ತಿದ್ದುವುದು ಅಂತ ಉಂಟಾ?

ಚೀಟಿಯ ಒಂದು ಪ್ರತಿ ಕೃಷಿಕನ ಕಿಸೆಯಲ್ಲಿ ಇರುತ್ತದೆ. 62 ಕಿಲೋ ಅಂತ ಬರೆದದ್ದು 26 ಆಗಬೇಕಿತ್ತು ಅಂತ ಸಂಜೆ ಗೊತ್ತಾದರೆ ನಾವು ಆ ಸಾಲನ್ನು ಅಳಿಸುವುದಿಲ್ಲ. ಹಳೆ ಚೀಟಿ ರದ್ದು ಅಂತ ಒಂದು ನಮೂದು, ಹೊಸ ಚೀಟಿ ಇನ್ನೊಂದು. ಮುಂಗಡವೂ ಹಾಗೆಯೇ. ಬಾಕಿ ಎಷ್ಟು ಅಂತ ಎಲ್ಲೂ ಬರೆದಿಡುವುದಿಲ್ಲ, ಕೊಟ್ಟದ್ದು ಬಂದದ್ದು ಕೂಡಿಸಿ ಕಳೆದು ತೆಗೆಯುವುದು. ಆಡಿಟರ್ ಬಂದರೆ ಕೇಳುವುದು ಅದನ್ನೇ. ಇನ್ನೊಂದು, ಚೀಟಿ ನಂಬರ್ ನಡುವೆ ಒಂದು ತಪ್ಪಿ ಹೋದರೂ ಆ ಚೀಟಿ ಎಲ್ಲಿ ಅಂತ ಹುಡುಕಿಸುತ್ತಾರೆ.

ನಿಮ್ಮ ಯಂತ್ರ ಯಾವುದಾದರೂ ಆಗಲಿ, ಇಷ್ಟು ಆಗಬೇಕು.

ಹೊಸೂರು ಶಿಫ್ಟ್

ಈ ಚರ್ಚೆಯಲ್ಲಿ ಈವರೆಗೆ ಬಂದ ಒಳ್ಳೇ ಉತ್ತರ ಕುಂಬಳೆಯವರದ್ದು. ನಾನು ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವ) ಕೆಲಸದಲ್ಲಿರುವವನು, ಅವರು ಹೇಳಿದ್ದನ್ನೇ ನನ್ನ ಭಾಷೆಯಲ್ಲಿ ಬಿಡಿಸುತ್ತೇನೆ.

ಹೈಬರ್ನೇಟ್‌ನ ದೊಡ್ಡ ಬಲ ಆಬ್ಜೆಕ್ಟ್ ಬದಲಾದದ್ದನ್ನು ಹಿಡಿದು ಅಪ್‌ಡೇಟ್ ಕಳಿಸುವುದು. ಇಲ್ಲಿ ಚೀಟಿ, ಚೀಟಿ ಸಾಲು, ಮುಂಗಡ, ಪಾವತಿ ಯಾವುದೂ ಅಪ್‌ಡೇಟ್ ಆಗುವುದೇ ಇಲ್ಲ. ಎಲ್ಲವೂ ಇನ್ಸರ್ಟ್. ಬದಲಾಗುವುದು ಕೃಷಿಕನ ವಿವರ, ರೇಟು ಪಟ್ಟಿ, ಲಾಗಿನ್ ಇಂಥ ನಾಲ್ಕಾರು ಟೇಬಲ್ ಮಾತ್ರ. ಎಂಟಿಟಿಗೆ ಇಮ್ಯೂಟಬಲ್ ಅಂತ ಗುರುತು ಹಾಕಬಹುದು, ಆಗುತ್ತದೆ. ಆದರೆ ಬಳಸದೇ ಇರುವ ಸೌಲಭ್ಯಕ್ಕಾಗಿ ಅದರ ಸೆಷನ್, ಕ್ಯಾಶ್, ಲೇಜಿ ಎಲ್ಲವನ್ನೂ ಯಾಕೆ ಕಲಿಯಬೇಕು?

ಚೀಟಿ ನಂಬರ್ ವಿಷಯ ಇನ್ನೂ ಮುಖ್ಯ. ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್ (ಮುಂದಿನ ನಂಬರ್ ಕೊಡುತ್ತಾ ಹೋಗುವ ಎಣಿಕೆ) ಬಳಸಿದರೆ ನಂಬರ್ ತಪ್ಪಿ ಹೋಗಿಯೇ ಹೋಗುತ್ತದೆ. ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ (ರದ್ದು) ಆದರೂ ಸೀಕ್ವೆನ್ಸ್ ಹಿಂದೆ ಬರುವುದಿಲ್ಲ. ಜೆಪಿಎಯಲ್ಲಂತೂ ಸೀಕ್ವೆನ್ಸ್ ಜನರೇಟರ್‌ನ ಅಲೊಕೇಷನ್ ಸೈಜ್ ಬದಲಿಸದಿದ್ದರೆ 50. ಹೈಬರ್ನೇಟ್ 50 ನಂಬರ್ ಒಟ್ಟಿಗೆ ತೆಗೆದಿಟ್ಟುಕೊಳ್ಳುತ್ತದೆ, ಸರ್ವರ್ ರೀಸ್ಟಾರ್ಟ್ ಆದರೆ ಉಳಿದದ್ದು ಹೋಯಿತು. ಐಡಿಗೆ ಅದು ತೊಂದರೆ ಇಲ್ಲ. ಚೀಟಿ ನಂಬರ್‌ಗೆ ಆಗುವುದಿಲ್ಲ. ಅದಕ್ಕೆ ಒಂದು ಬೇರೆ ಟೇಬಲ್ ಇಡಿ: ಅಂಗಡಿ, ಹಣಕಾಸು ವರ್ಷ, ಕೊನೆಯ ನಂಬರ್. ಚೀಟಿ ಸೇರಿಸುವ ಟ್ರಾನ್ಸಾಕ್ಷನ್‌ನಲ್ಲೇ ಆ ಸಾಲಿಗೆ ಒಂದು ಕೂಡಿಸಿ, ಅಪ್‌ಡೇಟ್ ರಿಟರ್ನಿಂಗ್‌ನಿಂದ ಹೊಸ ನಂಬರ್ ತೆಗೆದುಕೊಳ್ಳಿ. ಕಮಿಟ್ (ಪಕ್ಕಾ) ಆಗುವವರೆಗೆ ಆ ಸಾಲಿಗೆ ಬೀಗ ಇರುತ್ತದೆ, ಅದೇ ಅಂಗಡಿಯ ಇನ್ನೊಬ್ಬ ಗುಮಾಸ್ತ ಕ್ಷಣ ಹೊತ್ತು ಕಾಯುತ್ತಾನೆ. ಮೂರು ಅಂಗಡಿಗೆ ಮೂರು ಸಾಲು, ಒಬ್ಬರಿಗಾಗಿ ಇನ್ನೊಬ್ಬರು ಕಾಯುವುದಿಲ್ಲ. ಇದನ್ನು ಎಸ್‌ಕ್ಯೂಎಲ್‌ನಲ್ಲಿ ಬರೆದರೆ ಒಂದೇ ವಾಕ್ಯ.

ಬಾಕಿ ಲೆಕ್ಕಕ್ಕೆ ವಿಂಡೋ ಫಂಕ್ಷನ್ ಬಳಸಿ. ಕೃಷಿಕನ ಪ್ರಕಾರ ಭಾಗ ಮಾಡಿ, ತಾರೀಕಿನ ಪ್ರಕಾರ ಕೂಡಿಸುತ್ತಾ ಹೋದರೆ ಪ್ರತಿ ಸಾಲಿನ ಎದುರು ಆ ದಿನದ ಬಾಕಿ ಬರುತ್ತದೆ.

ಇನ್ನು ಚಿಕ್ಕಪುಟ್ಟದ್ದು. ತೂಕಕ್ಕೂ ದುಡ್ಡಿಗೂ ನ್ಯೂಮರಿಕ್, ಜಾವಾ ಕಡೆ ಬಿಗ್‌ಡೆಸಿಮಲ್. ಅಂದಾಜು ಬೆಲೆ ಇಡುವ ಡಬಲ್ ಬೇಡವೇ ಬೇಡ. ಟೇಬಲ್ ಮಾಡಲಿಕ್ಕೆ, ಬದಲಿಸಲಿಕ್ಕೆ ಫ್ಲೈವೇ ಅನ್ನುವ ಸಾಧನ. ಹೈಬರ್ನೇಟ್ ತೆಗೆದುಕೊಂಡರೂ ಟೇಬಲ್‌ಗಳನ್ನು ತಾನೇ ಬದಲಿಸುವ ಅದರ ಡಿಡಿಎಲ್ ಆಟೋ ಅಪ್‌ಡೇಟ್ ಮೇಲೆ ಲೈವ್ ಡೇಟಾಬೇಸ್ ಬಿಡಬೇಡಿ. ಕಾಲಂ ಹೆಸರು ಬದಲಿಸಿದರೆ ಹಳೆಯದನ್ನು ಹಾಗೇ ಬಿಟ್ಟು ಖಾಲಿ ಕಾಲಂ ಒಂದು ಹೊಸದಾಗಿ ಸೇರಿಸುತ್ತದೆ. ಎಕ್ಸೆಲ್‌ನ ಹಳೇ ಲೆಕ್ಕ ಏರಿಸುವಾಗ ಯಾವ ಫ್ರೇಮ್‌ವರ್ಕೂ ಬೇಡ, ಸಿಎಸ್‌ವಿ ಮಾಡಿ ಕಾಪಿ ಕಮಾಂಡ್ ಹಾಕಿ.

ಸೊಲ್ಲಾಪುರ ಲೋಕಲ್

ಎಲ್ಲವೂ ಇನ್ಸರ್ಟ್ ಅಂತ ಮೊದಲ ಪೋಸ್ಟ್‌ನಲ್ಲೇ ಹೇಳಿದ್ದರೆ ನನ್ನ ಉತ್ತರ ಸ್ವಲ್ಪ ಬೇರೆ ಇರುತ್ತಿತ್ತು. ಆದರೂ ನನ್ನ ಮತ ಜೆಪಿಎಗೇ. ಹೈಬರ್ನೇಟ್ 6ರಿಂದ ಅದರದ್ದೇ ಕ್ವೆರಿ ಭಾಷೆ ಎಚ್‌ಕ್ಯೂಎಲ್‌ನಲ್ಲೂ ವಿಂಡೋ ಫಂಕ್ಷನ್ ಬಂದಿದೆ, ಬೇಕಾದಲ್ಲಿ ನೇಟಿವ್ (ನೇರ ಎಸ್‌ಕ್ಯೂಎಲ್) ಕ್ವೆರಿ ಇದ್ದೇ ಇದೆ. ಈಗ ನಾಲ್ಕಾರು ಟೇಬಲ್ ಅನ್ನುತ್ತೀರಿ. ನಾಳೆ ಆ ವ್ಯಾಪಾರಿ ಗೊಬ್ಬರ ಮಾರುತ್ತೇನೆ, ಗೋದಾಮು ಹಾಕುತ್ತೇನೆ, ಲಾರಿ ಲೆಕ್ಕವೂ ಸೇರಿಸಿ ಅನ್ನುತ್ತಾನೆ. ಆಗ ಒಂದೊಂದಕ್ಕೂ ಇನ್ಸರ್ಟ್ ಅಪ್‌ಡೇಟ್ ಬರೆಯುತ್ತಾ ಕೂರಬೇಕಾಗುತ್ತದೆ.

ಮುಳ್ಳೇರಿಯದವ

ಎಲ್ಲರಿಗೂ ಥ್ಯಾಂಕ್ಸ್. ಕುಂಬಳೆಯವರ ಪೋಸ್ಟನ್ನು ನನ್ನ ಜೊತೆಯ ಇಬ್ಬರಿಗೂ ತೋರಿಸಿದೆ, ಅಲ್ಲಿಗೆ ಅರ್ಧ ವಾದ ನಿಂತಿತು. ಮೈಬ್ಯಾಟಿಸ್ ಅಂತ ತೀರ್ಮಾನ ಮಾಡಿದ್ದೇವೆ, ಜೊತೆಗೆ ಫ್ಲೈವೇ. ಜೂಕ್ ನನಗೆ ಇಷ್ಟವಾಯಿತು, ಆದರೆ ಮೂವರಿಗೂ ಹೊಸದು. ಮಳೆಗಾಲ ಮುಗಿದು ಹೊಸ ಅಡಿಕೆ ಬರುವ ಹೊತ್ತಿಗೆ ಅಂಗಡಿಯಲ್ಲಿ ಇದು ಓಡುತ್ತಿರಬೇಕು ಅಂತ ವ್ಯಾಪಾರಿಯ ಪಟ್ಟು. ಎಕ್ಸ್‌ಎಂಎಲ್‌ನಲ್ಲಿ ಕಾಲಂ ತಪ್ಪಿದರೆ ಹಿಡಿಯಲು ಪ್ರತಿ ಮ್ಯಾಪರ್‌ಗೂ (ಎಸ್‌ಕ್ಯೂಎಲ್ ಇರುವ ಕಡತಕ್ಕೂ) ನಿಜವಾದ ಪೋಸ್ಟ್‌ಗ್ರೆಸ್ ಮೇಲೆ ಓಡುವ ಒಂದು ಟೆಸ್ಟ್ ಬರೆಯುತ್ತೇವೆ. ಸೊಲ್ಲಾಪುರದವರ ಗೊಬ್ಬರದ ಮಾತು ನಿಜವಾಗುವ ಸಾಧ್ಯತೆ ಇದೆ, ವ್ಯಾಪಾರಿ ಈಗಾಗಲೇ ಆ ಮಾತು ಎತ್ತಿದ್ದಾರೆ! ಆಗ ನೋಡಿಕೊಳ್ಳೋಣ.

ಇನ್ನೊಂದು ತಲೆನೋವು ಇದೆ. ಇಲ್ಲಿ ಹೆಸರು, ಊರು ಕೆಲವರದ್ದು ಕನ್ನಡದಲ್ಲಿ, ಕೆಲವರದ್ದು ಮಲಯಾಳದಲ್ಲಿ ಬರುತ್ತದೆ. ಎಕ್ಸೆಲ್‌ನಿಂದ ಸ್ವಲ್ಪ ಏರಿಸಿ ನೋಡಿದೆ. ಕೊಡ್ಲಮೊಗರು ಅಂತ ಹುಡುಕಿದರೆ ಕೆಲವರು ಸಿಗುತ್ತಾರೆ, ಕೆಲವರು ಸಿಗುವುದಿಲ್ಲ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತದೆ. ಇದು ಮೈಬ್ಯಾಟಿಸ್ ಸಮಸ್ಯೆಯಾ?

ಪಯಸ್ವಿನಿ ದಡ

ಅಲ್ಲ, ಹೈಬರ್ನೇಟ್ ಆಗಿದ್ದರೂ ಇದೇ ಆಗುತ್ತಿತ್ತು. ಯುನಿಕೋಡ್‌ನಲ್ಲಿ (ಅಕ್ಷರಗಳಿಗೆ ಕೋಡ್ ಕೊಡುವ ಪದ್ಧತಿ) ಒತ್ವಕ್ಕೆ ತನ್ನದೇ ಒಂದು ಕೋಡ್ ಇದೆ. ಎತ್ವದ ಚಿಹ್ನೆ, ಊ ಚಿಹ್ನೆ ಎರಡನ್ನು ಒಂದರ ಹಿಂದೆ ಒಂದು ಹಾಕಿದರೂ ಅದೇ ರೂಪ ಕಾಣುತ್ತದೆ. ಕೊಡ್ಲಮೊಗರುವಿನಲ್ಲಿ ಎರಡು ಒತ್ವ ಇದೆ, ಹಾಗಾಗಿ ಒಂದೇ ಊರನ್ನು ನಾಲ್ಕು ಥರ ಬರೆದಿಡಬಹುದು. ಡೇಟಾಬೇಸ್‌ಗೆ ಅವು ನಾಲ್ಕು ಬೇರೆ ಬೇರೆ ಪದ.

ಒಳಗೆ ಹಾಕುವಾಗಲೂ ಹುಡುಕುವಾಗಲೂ ಜಾವಾದ ನಾರ್ಮಲೈಸರ್‌ನಲ್ಲಿ ಎನ್‌ಎಫ್‌ಸಿ ಮಾಡಿ, ಅಂದರೆ ಇಂಥವನ್ನೆಲ್ಲ ಒಂದೇ ರೂಪಕ್ಕೆ ತನ್ನಿ. ಮೈಬ್ಯಾಟಿಸ್‌ನಲ್ಲಿ ಡೇಟಾಬೇಸ್‌ಗೆ ಹೋಗುವ ಬೆಲೆಯನ್ನು ದಾರಿಯಲ್ಲೇ ಬದಲಿಸುವ ಒಂದು ಟೈಪ್ ಹ್ಯಾಂಡ್ಲರ್ ಬರೆದರೆ ಎಲ್ಲ ಕಡೆ ತಾನಾಗಿ ಆಗುತ್ತದೆ. ಈಗಾಗಲೇ ಏರಿಸಿದ್ದನ್ನು ಸರಿ ಮಾಡಲು ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಸ್ ಫಂಕ್ಷನ್ ಇದೆ.

ಮಲಯಾಳಕ್ಕೆ ಇಷ್ಟು ಸಾಲದು. ಅಲ್ಲಿ ಚಿಲ್ಲಕ್ಷರಗಳಿಗೆ (ಸ್ವರ ಇಲ್ಲದ ವ್ಯಂಜನದ ರೂಪ) 2008ರ ಯುನಿಕೋಡ್ 5.1ರಲ್ಲಿ ಬೇರೆಯೇ ಕೋಡ್ ಬಂತು. ಅದಕ್ಕಿಂತ ಮೊದಲು ವ್ಯಂಜನ, ಚಂದ್ರಕಲ (ಸ್ವರ ತೆಗೆಯುವ ಚಿಹ್ನೆ), ಜಾಯಿನರ್ (ಕಣ್ಣಿಗೆ ಕಾಣದ, ಜೋಡಿಸುವ ಗುರುತು) ಮೂರು ಸೇರಿಸಿ ಬರೆಯುತ್ತಿದ್ದರು, ಹಳೇ ಕಡತಗಳಲ್ಲಿ ಈಗಲೂ ಹಾಗೇ ಇರುತ್ತದೆ. ಎನ್‌ಎಫ್‌ಸಿ ಇವೆರಡನ್ನೂ ಒಂದು ಮಾಡುವುದಿಲ್ಲ. ನೀವೇ ಒಂದು ಪಟ್ಟಿ ಇಟ್ಟು ಹಳೆಯದನ್ನು ಹೊಸದಕ್ಕೆ ಬದಲಿಸಬೇಕು.

ಮುಳ್ಳೇರಿಯದವ

ಜಾಯಿನರ್, ನಾನ್‌ಜಾಯಿನರ್ (ಜೋಡಣೆ ತಡೆಯುವ ಕಾಣದ ಗುರುತು) ಎರಡನ್ನೂ ಸುಮ್ನೆ ತೆಗೆದುಹಾಕಿದರೆ ಆಗುವುದಿಲ್ಲವಾ?

ಪಯಸ್ವಿನಿ ದಡ

ತೋರಿಸುವ ಹೆಸರಿನಿಂದ ತೆಗೆಯಬೇಡಿ, ಚೀಟಿಯಲ್ಲಿ ಹೆಸರು ಬೇರೆ ರೂಪದಲ್ಲಿ ಅಚ್ಚಾಗುತ್ತದೆ. ನಾನ್‌ಜಾಯಿನರ್ ಹೋದರೆ ನಮ್ಮ ಸಾಫ್ಟ್‌ವೇರ್ ಅನ್ನುವ ಪದವೇ ಒತ್ತಕ್ಷರ ಆಗಿ ಕೆಟ್ಟು ಕಾಣುತ್ತದೆ. ಹುಡುಕಲಿಕ್ಕೆ ಬೇರೆ ಕಾಲಂ ಇಡಿ. ಮೊದಲು ಚಿಲ್ಲು ಬದಲಿಸಿ, ಆಮೇಲೆ ಎನ್‌ಎಫ್‌ಸಿ, ಕೊನೆಗೆ ಜಾಯಿನರ್‌ಗಳನ್ನು ತೆಗೆಯಿರಿ. ಇಂಡೆಕ್ಸ್ ಆ ಕಾಲಂ ಮೇಲೆ ಹಾಕಿ.

ಕುಂಬಳೆ ಲೆಕ್ಕದವ

ಅದೆಲ್ಲ ಮಾಡಿ, ಆದರೆ ಒಂದೇ ಊರಿನಲ್ಲಿ ಒಂದೇ ಹೆಸರಿನವರು ಮೂರು ಜನ ಇರುತ್ತಾರೆ. ಮನೆ ಹೆಸರಿಗೂ ಒಂದು ಕಾಲಂ ಇಡಿ.